ಐಸಿಯ ಕಣ್ಣಿಗೆ ಹಚ್ಚಿದ ಟಿಕಳಿ

ಸಿದ್ದಾರೂಢ ನಾಲತವಾಡದಲ್ಲಿ ಒಬ್ಬರ ಟಿವಿ ರಿಪೇರಿ ಮುಗಿಸಿ ಇಂಡಿಗೆ ವಾಪಸು ಬರುವಾಗ ಬಸ್ಸಿನಲ್ಲೇ ತೀರಿಕೊಂಡ. ಮುದ್ದೇಬಿಹಾಳ ದಾಟುವಾಗ ಕಿಟಕಿಗೆ ತಲೆ ಆನಿಸಿ ಕೂತಿದ್ದನಂತೆ. ನಿದ್ದೆ ಹತ್ತಿದೆ ಎಂದು ಯಾರೂ ಎಬ್ಬಿಸಲಿಲ್ಲ. ಬಸವನ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಭುಜ ಹಿಡಿದು ಅಲುಗಿಸಿದಾಗ ಗೊತ್ತಾಯಿತು. ತೊಡೆಯ ಮೇಲಿನ ಚೀಲದಲ್ಲಿ ಹೆಂಡತಿ ವಿದ್ಯಾವತಿ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿರಲಿಲ್ಲ. ಸಂಜೆ ಹೆಣದ ಜೊತೆ ಆ ಚೀಲವೂ ಮನೆಗೆ ಬಂತು. ವಿದ್ಯಾವತಿ ಗಂಟು ಬಿಚ್ಚಿ ರೊಟ್ಟಿಯನ್ನು ಆಕಳ ಮುಂದೆ ಹಾಕಿದಳು. ಅರಿವೆಯನ್ನು ಒಗೆಯುವ ಬಟ್ಟೆಗಳ ಜೊತೆ ಇಟ್ಟಳು.

"ಒಂದು ಹನಿ ಕಣ್ಣೀರ ಬಂದಿಲ್ಲ ನೋಡ ಆಕಿಗಿ" ಎಂದಳು ಬಾಗಿಲಲ್ಲಿ ಕೂತವಳೊಬ್ಬಳು.

"ಕಲ್ಲಾಗ್ಯಾಳವಾ. ಅಳಸ್ರಿ ಯಾರರೇ."

ಅಳಿಸಲು ನೋಡಿದರು. ಅತ್ತೆ ಸಾತವ್ವ ಎದೆ ಎದೆ ಬಡಿದುಕೊಂಡು ಸೊಸೆಯ ಕುತ್ತಿಗೆಗೆ ಬಿದ್ದು ಅತ್ತಳು. ವಿದ್ಯಾವತಿ ಅತ್ತೆಯ ಬೆನ್ನು ಸವರಿದಳು, ನೀರು ಕುಡಿಸಿದಳು. ತನ್ನ ಮೈ ಎಲ್ಲಿದೆ ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಾತು ಕೇಳಿಸುತ್ತಿತ್ತು, ಆದರೆ ಗೋಡೆಯ ಆಚೆ ಯಾರೋ ಆಡಿದ ಹಾಗೆ.

ಮೂರನೆಯ ದಿನ ಹೆಣ್ಣುಮಕ್ಕಳು ಕೂಡಿ ಬಳೆ ಒಡೆದರು, ಹಣೆ ಒರೆಸಿದರು. ನಮ್ಮ ಕಡೆ ಅಷ್ಟಕ್ಕೇ ಬಿಡುವುದಿಲ್ಲ. ಹೆಣ್ಣುಮಗಳು ಸ್ನಾನಕ್ಕೆ ಹೋಗುವಾಗ ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸಿರುತ್ತಾಳೆ, ನೀರಿನ ಕೋಣೆಯ ಗೋಡೆಗೆ, ಕಪಾಟಿನ ಬಾಗಿಲಿಗೆ ಅಂಟಿಸಿರುತ್ತಾಳೆ. ಅವನ್ನೂ ಕಣ್ಣಿಗೆ ಬೀಳದ ಹಾಗೆ ಮಾಡಬೇಕು. ಸಾತವ್ವ ತಾನೇ ಮನೆಯೆಲ್ಲ ತಿರುಗಿ ಉಗುರಿನಿಂದ ಒಂದೊಂದನ್ನೇ ಕಿತ್ತಳು. ಸಿದ್ದಾರೂಢ ತೊಟ್ಟಿಲಲ್ಲಿದ್ದಾಗ ಗಂಡ ತೀರಿಕೊಂಡು ಅವಳ ಮನೆಯ ಗೋಡೆಗಳನ್ನೂ ಯಾರೋ ಹೀಗೇ ಕೆರೆದಿದ್ದರು.

ಪಡಸಾಲೆಯಲ್ಲಿ ಮಗ ಕೆಲಸ ಮಾಡುತ್ತಿದ್ದ ಬೆಂಚಿನ ಮೇಲೆ ಉದ್ದನೆಯ ಒಂದು ಪೆಟ್ಟಿಗೆ ಬೋರಲು ಬಿದ್ದಿತ್ತು. ಹಿಂದಿನ ತಗಡು ಇನ್ನೂ ಹಚ್ಚಿರಲಿಲ್ಲ. ಒಳಗೆ ವೈರುಗಳ ನಡುವೆ ಕಪ್ಪು ಐಸಿ ಚಿಪ್ ಒಂದರ ಮೇಲೆ ಕೆಂಪು ಟಿಕಳಿ ಅಂಟಿತ್ತು. ಅದೂ ವಿದ್ಯಾವತಿಯದೇ. ಸಾತವ್ವ ಅದನ್ನೂ ಕಿತ್ತಳು.

ಆಮೇಲೆ ಸತ್ತವನ ಹಾಸಿಗೆ, ಕೌದಿ, ಕುರ್ಚಿ, ಮುಟ್ಟಿದ ಸಾಮಾನು ಎಲ್ಲವೂ ಮಾಳಿಗೆಗೆ ಹೋದವು. ಬಿಸಿಲು ಬಿದ್ದರೆ ಮೈಲಿಗೆ ಹೋಗುತ್ತದೆ. ಪೆಟ್ಟಿಗೆಯನ್ನು ಇಬ್ಬರು ಹೊತ್ತು ಏಣಿ ಹತ್ತಿಸಿ, ಬೆನ್ನು ಮೇಲಾಗಿ ಮಲಗಿಸಿದರು. ಮೂಲೆಯಲ್ಲಿ ಕೂತಿದ್ದ ವಿದ್ಯಾವತಿ ಅದು ಮೇಲೆ ಹೋಗುವುದನ್ನು ನೋಡಿದಳು. ಏನೋ ಹೇಳಬೇಕಿತ್ತು ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಹಾಸಿಗೆ ಕೌದಿ ಸಂಜೆ ಕೆಳಗೆ ಬಂದವು. ಭಾರದ ಪೆಟ್ಟಿಗೆಯನ್ನು ಇಳಿಸಲು ಯಾರೂ ಮನಸ್ಸು ಮಾಡಲಿಲ್ಲ. ಎರಡು ಸಾವಿರದ ಎರಡನೆಯ ಇಸವಿಯ ಏಪ್ರಿಲ್ ಅದು. ಮಳೆಯ ಮಾತೇ ಇರಲಿಲ್ಲ.

ಆ ಪೆಟ್ಟಿಗೆ ಒಂದು ದೀಪದ ಬೋರ್ಡು. ಕೆಂಪು ಚುಕ್ಕೆಗಳಲ್ಲಿ ಅಕ್ಷರ ಹರಿದು ಹೋಗುತ್ತದಲ್ಲ, ಅಂಥದ್ದು. ದೊಡ್ಡ ಊರುಗಳಲ್ಲಿ ಹೊಸದು ಸಿಗುತ್ತಿತ್ತು, ಸಿದ್ದಾರೂಢ ಹಳೆಯದರಿಂದ ಮಾಡುತ್ತಿದ್ದ. ಸಿಂದಗಿಯಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಕಾಸಿಂಸಾಬ ಸೊಲ್ಲಾಪುರದಿಂದ ತೂಕದ ಮೇಲೆ ತರುತ್ತಿದ್ದ ಸಾಮಾನಿನಲ್ಲಿ ಕಾರಖಾನೆಯವರು ಬೇಡವೆಂದು ಎಸೆದ ಪ್ಯಾನೆಲ್ಲುಗಳಿರುತ್ತಿದ್ದವು. ಅಂಗೈ ಅಗಲದ ಚೌಕ, ಮೈತುಂಬ ಚುಕ್ಕೆ. ಒಂದರಲ್ಲಿ ಎರಡು ಚುಕ್ಕೆ ಸತ್ತಿರುತ್ತಿದ್ದವು, ಇನ್ನೊಂದು ಮಂಕಾಗಿ ಉರಿಯುತ್ತಿತ್ತು. ಸಿದ್ದಾರೂಢ ಬ್ಯಾಟರಿ ಸೆಲ್ಲು ಹಿಡಿದು ಚುಕ್ಕೆ ಚುಕ್ಕೆ ಮುಟ್ಟಿ ನೋಡುತ್ತಿದ್ದ. ಚೂಟಿಯವು ನಡುವೆ, ಮಂಕು ಮೋರೆಯವು ಅಂಚಿಗೆ. ಎರಡು ಸಾಲು ಜೋಡಿಸಿ ಬೆಸುಗೆ ಹಾಕಿದರೆ ಕನ್ನಡದ ಅಕ್ಷರ ಒತ್ತಿನ ಸಮೇತ ಹಿಡಿಸುತ್ತಿತ್ತು.

ಅಕ್ಷರವನ್ನು ಐಸಿಯೊಳಗೆ ಬರೆಯಬೇಕಿತ್ತು. ಅದಕ್ಕೆ ಗಂಡ ಹೆಂಡತಿ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ವಿದ್ಯಾವತಿ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಗೆರೆ ಹಾಕಿ, ದೀಪ ಹತ್ತಬೇಕಾದ ಮನೆಗಳಲ್ಲಿ ಹುಣಸೆ ಬೀಜ ಇಡುತ್ತಿದ್ದಳು. ಸಿದ್ದಾರೂಢ ಬಂದು ನೋಡಿ ಒಂದೆರಡು ಬೀಜ ಸರಿಸುತ್ತಿದ್ದ. ಆಮೇಲೆ ಅವನು ಐಸಿಗೆ ಬರೆಯುವ ಸ್ವಿಚ್ಚಿನ ಪೆಟ್ಟಿಗೆ ಹಿಡಿದು ಕೂತರೆ ಅವಳು ಮೇಲಿನಿಂದ ಕೆಳಕ್ಕೆ ಒಂದೊಂದು ಮನೆ ನೋಡಿ ಕೂಗುತ್ತಿದ್ದಳು: "ಐತಿ, ಇಲ್ಲ, ಇಲ್ಲ, ಐತಿ." ಬರೆದಾದ ಮೇಲೆ ಬೀಜ ಬಳಿದು ಡಬ್ಬಿಗೆ ಹಾಕಿ ನೆಲ ಒರೆಸುವುದು. ಐಸಿಯ ನೆತ್ತಿಯ ಮೇಲೆ ಸಣ್ಣ ಗಾಜಿನ ಕಣ್ಣಿರುತ್ತದೆ. ಆ ಕಣ್ಣಿಗೆ ಬಹಳ ದಿನ ಬಿಸಿಲು ಬಿದ್ದರೆ ಬರೆದದ್ದೆಲ್ಲ ಅಳಿಸುತ್ತದೆ. ಹಳೆಯ ಐಸಿ ಅಳಿಸಿ ಮತ್ತೆ ಬರೆಯಲು ಸಿದ್ದಾರೂಢ ಅದನ್ನು ಬೇಕೆಂದೇ ಮಾಳಿಗೆಯ ಮೇಲೆ ಇಡುತ್ತಿದ್ದ. ಅಳಿಸಬಾರದಾದರೆ ಕಣ್ಣು ಮುಚ್ಚಬೇಕು. ಕೈಗೆ ಸಿಕ್ಕದ್ದು ಕನ್ನಡಿಯ ಮೇಲಿನ ಟಿಕಳಿ.

"ನಿನ್ನ ಐಸಿ ಮುತ್ತೈದಿ ಆತು ನೋಡ" ಎಂದು ಕಾಸಿಂಸಾಬ ನಗುತ್ತಿದ್ದ.

ಮಾಳಿಗೆಯ ಮೇಲಿದ್ದ ಬೋರ್ಡನ್ನು ಮಾಡಿಸಿದವನು ನಿಂಬೆಹಣ್ಣಿನ ದಲ್ಲಾಳಿ ಬಸಂತರಾಯ. ಪೇಟೆಯಲ್ಲಿ ತನ್ನ ಅಂಗಡಿಯ ಮುಂದೆ 'ನಿಂಬೆ ಇಂದಿನ ದರ' ಎಂದು ಕೆಂಪಗೆ ಹರಿಯಬೇಕು, ಪಕ್ಕದಲ್ಲಿ ಆ ದಿನದ ಅಂಕಿ ಬರಬೇಕು ಎಂಬುದು ಅವನ ಆಸೆ. ಸಾವಿನ ಮನೆಯೆಂದು ಅವನು ಸುಮ್ಮನಿದ್ದ. ಮೇ ಕಾಲಿಟ್ಟ ಮೇಲೆ ಕಾಸಿಂಸಾಬನ ಕೈಯಲ್ಲಿ ಮೆತ್ತಗೆ ಹೇಳಿ ಕಳಿಸಿದ, ಆಗದಿದ್ದರೆ ಸೊಲ್ಲಾಪುರದಿಂದ ತರಿಸುತ್ತೇನೆ ಎಂದು.

ಕಾಸಿಂಸಾಬ ಬಂದ ದಿನ ಸಿದ್ದಾರೂಢನ ಅಣ್ಣ ಅನೀಲಕುಮಾರನೂ ಇದ್ದ. ಅವನು ಕೆಟ್ಟವನಲ್ಲ. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಅವಳು ಎದುರಿಗಿದ್ದರೂ ತಾಯಿಯ ಮುಖ ನೋಡಿಯೇ ಹೇಳುವುದು.

"ಯವ್ವಾ, ಆಕಿಗಿ ಹೇಳಬೇ. ತಮ್ಮನ ರಿಪೇರಿ ಅಂಗಡಿ ಕದಾ ಹಾಕಿ ಇಟ್ಟರ ಇಲಿ ತಿಂತಾವ. ಝೆರಾಕ್ಸ್ ಮಷೀನ ಇಡ್ತೇನಂತ ಒಬ್ಬಾವ ಕೇಳಾಕತ್ತಾನ. ಕೊಟ್ಟು ಬಿಡೂಣು."

"ಅಂಗಡಿ ನಾ ನಡಸ್ತೇನಿ ಅಂತ ಹೇಳ್ರಿ ಅತ್ತಿ" ಎಂದಳು ವಿದ್ಯಾವತಿ.

ಯಾರಿಗಿಂತ ಮೊದಲು ಅವಳಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಯಾವುದೂ ಬೇಕು ಅನ್ನಿಸಿರಲಿಲ್ಲ. ಈಗಲೂ ಬೇಕು ಅನ್ನಿಸಿದ್ದಲ್ಲ. ಅಂಗಡಿಯಲ್ಲಿ ಅವನು ಕೂಡುತ್ತಿದ್ದ ಜಾಗಕ್ಕೆ ಇನ್ನೊಬ್ಬರು ಬಂದು ಕೂಡುವುದನ್ನು ನೆನೆಸಿಕೊಂಡರೆ ಅಲ್ಲಿ ಏನೂ ಕಾಣುತ್ತಿರಲಿಲ್ಲ, ಅಷ್ಟೇ.

"ಹೆಣ್ಮಗಳು ಏನ ರಿಪೇರಿ ಮಾಡ್ತಾಳಬೇ? ಬೆಸಗಿ ಹಾಕಾಕ ಬರೂದು ಬ್ಯಾರೆ, ಅಂಗಡಿ ನಡಸೂದು ಬ್ಯಾರೆ."

"ಬೋರ್ಡ ಕೊಡೂದೈತಲ್ರಿ" ಎಂದ ಕಾಸಿಂಸಾಬ ನಡುವೆ ಬಾಯಿ ಹಾಕಿ. "ಅದು ಹತ್ತಿದ್ರ ಬಸಂತರಾಯರ ಬಾಜೂಕಿನ ನಾಕ ದಲ್ಲಾಳಿ ಮಂದಿ ನಮಗೂ ಮಾಡಿಕೊಡ್ರಿ ಅಂತಾರ. ಕಣ್ಣೀಲಿ ನೋಡಿ ಆಮ್ಯಾಲ ಹೇಳ್ರಿ."

ಅನೀಲಕುಮಾರ ತಾಯಿಯ ಕಡೆ ತಿರುಗಿದ. "ಹಂಗಾರ ಆತು. ಬೋರ್ಡ ಹತ್ತಿ ಪ್ಯಾಟಿಗಿ ಹೋದ್ರ ಅಂಗಡಿ ಆಕಿದು. ಹತ್ತಲಿಲ್ಲಂದ್ರ ಝೆರಾಕ್ಸ್‌ನಾಂವದು. ಹೇಳಬೇ ಆಕಿಗಿ."

"ಕೇಳ್ಯಾಳ ಬಿಡಪಾ, ಕಿವಿ ಅದಾವ" ಎಂದಳು ಸಾತವ್ವ.

ಬೋರ್ಡನ್ನು ಮಾಳಿಗೆಯಿಂದ ಇಳಿಸಿ ಧೂಳು ಒರೆಸಿ ಗೋಡೆಗೆ ಆನಿಸಿದರು. ಕರೆಂಟು ಬರುವವರೆಗೆ ಚಹಾ ಆಯಿತು. ಕರೆಂಟು ಬಂದ ಮೇಲೆ ಕಾಸಿಂಸಾಬ ಸ್ವಿಚ್ಚು ಹಾಕಿದ.

ಬೋರ್ಡು ಪೂರ್ತಿ ಕೆಂಪಗೆ ಹತ್ತಿತು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೆಂಪು, ಗೋಡೆ ಕೆಂಪಾಯಿತು, ಸಾತವ್ವನ ಬಿಳಿ ಕೂದಲು ಕೆಂಪಾಯಿತು. ಅಕ್ಷರ ಮಾತ್ರ ಒಂದೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ, ತೊಗರಿಬೇಳೆಯಲ್ಲಿ ಹುಳ ಹರಿದ ಹಾಗೆ, ಎಡಕ್ಕೆ ಸರಿದು ಹೋಗುತ್ತಿದ್ದವು.

"ಭಾರೀ ಹತ್ತೇತಲ್ಲ!" ಎಂದಳು ಸಾತವ್ವ.

"ಹತ್ತಬಾರದಿತ್ತು ಯವ್ವಾ" ಎಂದ ಕಾಸಿಂಸಾಬ. "ಖಾಲಿ ಐಸಿ ಅಂದ್ರ ಹಿಂಗ, ಎಲ್ಲಾ ಹತ್ತತಾವ. ಬರದಾಗ ಸುತ್ತಲಿಂದು ಆರಿ ಅಕ್ಷರ ಕಾಣಸ್ತಾವ." ಬೋರ್ಡನ್ನು ತಿರುಗಿಸಿ ಬಗ್ಗಿ ನೋಡಿದ. "ಅರೇ! ಕಣ್ಣ ಬಿಟ್ಟೈತಲ್ಲ ಇದು. ಬಿಸಲ ಕುಡದೈತಿ. ಟಿಕಳಿ ಹಚ್ಚಿದ್ದ ಸಿದ್ದು, ನಾನ ನೋಡೇನಿ. ಯಾರ ಕಿತ್ತಾರ?"

ಸಾತವ್ವನ ಕೈ ಸೆರಗಿನ ಅಂಚು ಹಿಡಿದು ನಿಂತಿತು.

"ಅಂಟು ಬಿಟ್ಟು ಬಿದ್ದಿರಬೇಕ್ರಿ ಅಣ್ಣಾರ. ಬಿಸಲಾಗ" ಎಂದಳು ವಿದ್ಯಾವತಿ.

ಅದನ್ನು ಅವಳು ಅತ್ತೆಯ ಮೇಲಿನ ಕರುಣೆಯಿಂದ ಹೇಳಿದ್ದೇನಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಸಿಟ್ಟಿರಲಿಲ್ಲ. ಅವನು ಕೊನೆಗೆ ಬರೆದದ್ದು ಹೋಯಿತು ಎಂಬುದು ತಿಳಿಯಿತು, ಹಾಲು ಒಡೆಯಿತು ಎಂದು ತಿಳಿದ ಹಾಗೆ.

"ಮತ್ತ ಬರೀಬಹುದ್ರಿ" ಎಂದಳು. "ಬೀಜ ಅದಾವ."

"ಬರೀಬಹುದು ತಂಗಿ. ಆದ್ರ ಇದು ಅರ್ಧಂಬರ್ಧ ಅಳಸೈತಿ. ಪೂರಾ ಅಳಸಬೇಕು. ಇನ್ನೊಂದಿಷ್ಟ ದಿನ ಬಿಸಲಿಗಿ ಇಡಬೇಕು. ಬರಿಯೂ ಮುಂದ ಒಂದು ಇಲ್ಲ ತಪ್ಪಿದ್ರ ತಿದ್ದಾಕ ಬರಾಂಗಿಲ್ಲ, ಮತ್ತ ಮೊದಲಿಂದ ಬಿಸಲು. ಅಷ್ಟು ದಿನ ಬಸಂತರಾಯ ಕಾಯಾಂವ ಅಲ್ಲ."

ಇನ್ನೊಂದು ಐಸಿ ಸಿಗುವುದಿಲ್ಲವೇ ಎಂದು ಅನೀಲಕುಮಾರ ಕೇಳಿದ. ಪುಣೆಯಿಂದ ಬರಬೇಕು, ಯಾವಾಗ ಬಂದೀತೋ ಎಂದ ಕಾಸಿಂಸಾಬ. ಅಂಗಡಿ ಉಳಿಯುವುದೂ ಬಿಡುವುದೂ ಇನ್ನು ಈ ಒಂದೇ ಐಸಿಯ ಮೇಲೆ ಎಂಬುದು ಎಲ್ಲರಿಗೂ ತಿಳಿಯಿತು.

ಐಸಿಯನ್ನು ಕಿತ್ತು ಒಂದು ತಾಟಿನಲ್ಲಿಟ್ಟು ಮತ್ತೆ ಮಾಳಿಗೆಗೆ ಒಯ್ದರು. ಮರುದಿನ ಬೆಳಿಗ್ಗೆ ವಿದ್ಯಾವತಿ ನೋಡಲು ಏಣಿ ಹತ್ತಿದರೆ ಸಾತವ್ವ ಆಗಲೇ ತಾಟಿನ ಪಕ್ಕ ಕೂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಕಾಗೆ ಓಡಿಸುವ ಕೋಲು.

"ನೀವ್ಯಾಕ ಬಂದ್ರಿ ಅತ್ತಿ? ತಲಿ ಸುಡತೈತಿ."

"ಸಂಡಗಿ ಕಾಯ್ದಾಕಿಗಿ ಇದೇನ ದೊಡ್ಡದಲ್ಲ ಬಿಡು." ಸ್ವಲ್ಪ ಹೊತ್ತಾದ ಮೇಲೆ ಸಾತವ್ವ ಕೇಳಿದಳು: "ಆ ಕಣ್ಣಿಗಿ ಟಿಕಳಿ ಯಾಕ ಹಚ್ಚಿದ್ದನವ್ವಾ ಅಂವ? ಬ್ಯಾರೆ ಏನೂ ಸಿಗಲಿಲ್ಲೇನ?"

"ಅದ ಸಿಕ್ಕಿತ್ತಂತ್ರಿ ಕೈಗಿ."

"ನನಗೇನ ಗೊತ್ತಿತ್ತು" ಎಂದಳು ಸಾತವ್ವ. ಮುದುಕಿ ಕೋಲೆತ್ತಿ ಬಾರದ ಕಾಗೆಯನ್ನು ಓಡಿಸಿದಳು.

ಹೀಗೆ ದಿನ ಹೋದವು. ಬಿಸಿಲು ತಿರುಗಿದ ಹಾಗೆ ಸಾತವ್ವ ತಾಟು ತಿರುಗಿಸುತ್ತಿದ್ದಳು. ಕೆಳಗೆ ವಿದ್ಯಾವತಿ ಪಡಸಾಲೆಯಲ್ಲಿ ಗೆರೆ ಎಳೆದು ಬೀಜ ಇಟ್ಟಳು. ನಿಂ, ಬೆ. ಯಾವ ಮನೆಯಲ್ಲಿ ಬೀಜ ಎಂಬುದನ್ನು ಅವಳು ಯೋಚಿಸಬೇಕಾಗಲಿಲ್ಲ, ಕೈಗೇ ಗೊತ್ತಿತ್ತು. ಇ ಅಕ್ಷರ ಇಟ್ಟಾದ ಮೇಲೆ ಎದ್ದು ನಿಂತು ನೋಡಿದಳು. ಬಾಲದ ತುದಿಯಲ್ಲಿ ಒಂದು ಬೀಜ ಹೆಚ್ಚಿಗಿತ್ತು. ಸಿದ್ದಾರೂಢ ಯಾವಾಗಲೂ ಅಲ್ಲೊಂದು ಹೆಚ್ಚಿಗೆ ಇಡುತ್ತಿದ್ದ. "ಅದ ಬ್ಯಾಡ್ರಿ, ಹಲ್ಲಿ ಬಾಲ ಆಗತೈತಿ" ಎಂದು ಅವಳು ಪ್ರತಿ ಸಲ ತೆಗೆಯುತ್ತಿದ್ದಳು. "ಇರ್ಲಿ ಬಿಡ, ದೂರಿಂದ ಚಂದ ಕಾಣತೈತಿ" ಎಂದು ಅವನು ಪ್ರತಿ ಸಲ ಇಡುತ್ತಿದ್ದ. ಈಗ ತಾನೇ ಯಾವಾಗ ಇಟ್ಟಳೋ ನೆನಪಿಲ್ಲ. ತೆಗೆಯಲು ಬಗ್ಗಿದಳು. ಒಲೆಯ ಮೇಲೆ ಎಸರು ಉಕ್ಕಿದ ಸದ್ದಾಯಿತು, ಒಳಗೆ ಹೋದಳು.

ಐಸಿ ಪೂರ್ತಿ ಖಾಲಿಯಾಯಿತು ಎಂದು ಕಾಸಿಂಸಾಬ ಹಚ್ಚಿ ನೋಡಿ ಹೇಳಿದ ದಿನ ಮಧ್ಯಾಹ್ನ ಬರೆಯಲು ಕೂತರು. ಬಸಂತರಾಯನ ಗಾಡಿ ಮರುದಿನ ಬರುವುದಿತ್ತು. ಸ್ವಿಚ್ಚಿನ ಪೆಟ್ಟಿಗೆಯನ್ನು ವಿದ್ಯಾವತಿ ತೊಡೆಯ ಮೇಲೆ ಇಟ್ಟುಕೊಂಡಳು. ಕಾಸಿಂಸಾಬ ವೈರು ಜೋಡಿಸಿ ಕರೆಂಟಿನ ಮೇಲೆ ಕಣ್ಣಿಟ್ಟು ಕೂತ. ಕೂಗುವವರು ಬೇಕಿತ್ತು. ಕಾಸಿಂಸಾಬ ಕನ್ನಡಕ ಏರಿಸಿ ಒಂದು ಸಾಲು ಕೂಗಿ ನೋಡಿದ, ನಡುವೆಯೇ ಕೆಮ್ಮು ಬಂದು ಮನೆ ತಪ್ಪಿಸಿಕೊಂಡ. ಪುಣ್ಯಕ್ಕೆ ವಿದ್ಯಾವತಿ ಗುಂಡಿ ಒತ್ತಿರಲಿಲ್ಲ.

"ಸರಿ ಅತ್ಲಾಗ" ಎಂದಳು ಬಾಗಿಲಲ್ಲಿ ಕೂತಿದ್ದ ಸಾತವ್ವ. "ನಾ ಕೂಗತೇನಿ."

"ಯವ್ವಾ, ನಿನಗ ಅಕ್ಷರ ಬರ್ತಾವೇನ?"

"ಬೀಜ ಐತೋ ಇಲ್ಲೋ ನೋಡಾಕ ಸಾಲಿ ಕಲೀಬೇಕೇನೋ ಕಾಸಿಮಾ? ಕಾಳ ಆರಿಸಿ ಆರಿಸಿ ಕಣ್ಣ ಹೋಗ್ಯಾವೇನ ನನ್ನವು?"

ಅವಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬೆರಳಿಟ್ಟು ಶುರು ಮಾಡಿದಳು. "ಐತಿ, ಐತಿ." ಆಮೇಲೆ ಸುಮ್ಮನೆ ಬೆರಳು ಕೆಳಗೆ ಸರಿಸಿದಳು. "ಐತಿ."

"ನಡಕಿಂದು ಬಿಟ್ರಿ ಅತ್ತಿ."

"ಅಲ್ಲಿ ಬೀಜ ಇಲ್ಲಲ್ಲ?"

"ಇಲ್ಲದ್ದನ್ನ ಬಾಯಿಬಿಟ್ಟು ಇಲ್ಲ ಅನಬೇಕ್ರಿ. ಇದ್ದದ್ದು ತಾನ ಹತ್ತತೈತಿ. ಇಲ್ಲದ್ದನ್ನ ಬರೀಬೇಕು ನಾ."

ಸಾತವ್ವ ಸೊಸೆಯ ಮುಖ ನೋಡಿದಳು. ತಿರುಗಿ ಮೊದಲ ಮನೆಗೆ ಬೆರಳಿಟ್ಟಳು. "ಐತಿ. ಐತಿ. ಇಲ್ಲ. ಇಲ್ಲ. ಐತಿ."

ವಿದ್ಯಾವತಿಯ ಕೈ ಸ್ವಿಚ್ಚು ತಿರುಗಿಸುತ್ತಿತ್ತು, ಸಾಲು ಮುಗಿದ ಮೇಲೆ ಗುಂಡಿ ಒತ್ತುತ್ತಿತ್ತು. ಫ್ಯಾನಿನ ಸದ್ದು ಬೇಡವೆಂದು ಆರಿಸಿದ್ದರು. ಮುದುಕಿಯ ದನಿ ಜೋಳ ಬೀಸುವಾಗಿನ ಹಾಗೆ ಒಂದೇ ಸಮ ಬಂತು. ನಡುವೆ ಕರೆಂಟು ಹೋಯಿತು, ಕಾದರು. ಬಂದ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದ. ಸಾತವ್ವ ಬೆರಳನ್ನು ಅಲ್ಲೇ ಊರಿಕೊಂಡು ಕೂತಿದ್ದಳು, ಚಹಾವನ್ನೂ ಎಡಗೈಯಲ್ಲಿ ಕುಡಿದಳು.

ಇ ಅಕ್ಷರಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಇದೇನವ್ವಾ, ಇಲ್ಲೊಂದು ಒಂಟಿ ಬೀಜ ಬಿದ್ದೈತಿ. ತಪ್ಪಿ ಉರುಳಿ ಬಂದೈತೇನ?"

ಕಾಸಿಂಸಾಬ ಬಗ್ಗಿ ನೋಡಿದ. ಅವನಿಗೆ ಗೊತ್ತಾಯಿತು.

ವಿದ್ಯಾವತಿಯ ಹೆಬ್ಬೆರಳು ಗುಂಡಿಯ ಮೇಲಿತ್ತು. ಅಲ್ಲಿ ಇಲ್ಲ ಎಂದು ಬರೆದರೂ ಅಕ್ಷರ ಕೆಡುವುದಿಲ್ಲ, ಎಲ್ಲರೂ ಓದುತ್ತಾರೆ. ಬರೆದ ಮೇಲೆ ಮಾತ್ರ ತಿದ್ದಲಾಗದು. ತಲೆಯೊಳಗೆ ಏನಾದರೂ ಬರುತ್ತದೆಯೇ ಎಂದು ಕಾದಳು. ಬಂದದ್ದು ಹಲ್ಲಿಯ ಬಾಲವೊಂದೇ.

"ಇದ್ದದ್ದ ಹೇಳ್ರಿ ಅತ್ತಿ. ಐತೋ ಇಲ್ಲೋ?"

"ಐತಿ" ಎಂದಳು ಸಾತವ್ವ.

ಗುಂಡಿ ಒತ್ತಿದಳು. ಮುಂದಿನ ಸಾಲಿಗೆ ಹೋದರು.

ಅಂಕಿಗಳೂ ಮುಗಿಯುವಾಗ ಹೊತ್ತು ಇಳಿದಿತ್ತು. ಅನೀಲಕುಮಾರ ಕಚೇರಿಯಿಂದ ಬಂದು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ. ಕಾಸಿಂಸಾಬ ಐಸಿಯನ್ನು ಬೋರ್ಡಿನಲ್ಲಿ ಕೂಡಿಸಿ, ಬಿಸ್ಮಿಲ್ಲಾ ಎಂದು ಸ್ವಿಚ್ಚು ಹಾಕಿದ.

ಬೋರ್ಡು ಕಪ್ಪಗಿತ್ತು. ಬಲಗಡೆಯ ಅಂಚಿನ ಮಂಕು ಪ್ಯಾನೆಲ್ಲಿನಲ್ಲಿ ಮೊದಲು ಕೆಂಪು ಇಣುಕಿತು, ನಿಂ ಬಂತು, ಬೆ ಬಂತು, ಚೂಟಿ ಪ್ಯಾನೆಲ್ಲುಗಳ ಮೇಲೆ ಹಾಯುವಾಗ ನಿಚ್ಚಳವಾಯಿತು. ಇ ಬಂತು, ಬಾಲದ ತುದಿಯ ಚುಕ್ಕೆಯನ್ನು ಎಳೆದುಕೊಂಡು. 'ನಿಂಬೆ ಇಂದಿನ ದರ.' ಆಮೇಲೆ ಸೊನ್ನೆಗಳು. ಮತ್ತೆ ನಿಂ.

"ಏನಂತ ಬಂತೋ?" ಎಂದಳು ಸಾತವ್ವ. ಅಷ್ಟನ್ನೂ ಕೂಗಿದವಳಿಗೆ ಓದಲು ಬರುತ್ತಿರಲಿಲ್ಲ. ಕಾಸಿಂಸಾಬ ಓದಿ ಹೇಳಿದ. "ಇಷ್ಟ ಏನ?" ಎಂದಳು.

ಅನೀಲಕುಮಾರ ಎರಡು ಸುತ್ತು ಅಕ್ಷರ ಹೋಗುವುದನ್ನು ನೋಡಿದ. ಅಂಗಿಯ ಕಿಸೆಯಿಂದ ಅಂಗಡಿಯ ಕೀಲಿಕೈ ತೆಗೆದು ತಾಯಿಯ ಮುಂದೆ ಇಟ್ಟ. "ಆಕಿಗಿ ಕೊಡಬೇ. ಶಟರ್ ಬಿಗಿ ಐತಿ, ಎಣ್ಣಿ ಬಿಡಬೇಕಂತ ಹೇಳು." ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಕೀಲಿಕೈ ತಣ್ಣಗಿತ್ತು. ವಿದ್ಯಾವತಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂತೋಷ ಆಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ. ಬೋರ್ಡಿನ ಹಿಂದಿನ ತಗಡು ಹಚ್ಚುವುದಿತ್ತು, ತಿರುಪು ಎಲ್ಲಿ ಇಟ್ಟೆ ಎಂದು ಹುಡುಕಿದಳು.

"ತಡಿ ತಂಗಿ, ಮೊದಲ ಕಣ್ಣ ಮುಚ್ಚೂಣು. ನಾಳಿ ಪ್ಯಾಟ್ಯಾಗ ಇದು ಬಿಸಲಾಗ ನಿಂದ್ರೂದು. ಯಾವ ಸಂದಿಲಿಂದ ಬಿಸಲ ಹೋಕ್ಕೈತೋ ಏನೋ." ಕಾಸಿಂಸಾಬ ಕಪ್ಪು ಟೇಪು ಹರಿಯಲು ಹಲ್ಲಿಗೆ ಹಚ್ಚಿದ.

ಅಷ್ಟರಲ್ಲಿ ಸಾತವ್ವ ಮೊಣಕಾಲು ಹಿಡಿದು ಎದ್ದು ಒಳಗೆ ಹೋಗಿದ್ದಳು. ದೇವರ ಮಾಡದಲ್ಲಿ ಫೋಟೊದ ಹಿಂದೆ ಕೈ ಹಾಕಿ ಏನನ್ನೋ ತಂದಳು. ಅರ್ಧ ಖಾಲಿಯಾದ ಟಿಕಳಿಯ ಚೀಟಿ. ಅಂದು ಮನೆಯೆಲ್ಲ ತಿರುಗಿ ಟಿಕಳಿ ಕಿತ್ತಾಗ ಅದನ್ನು ಒಲೆಗೆ ಹಾಕದೆ ಯಾಕೆ ಇಟ್ಟಿದ್ದಳೋ ಅವಳೇ ಹೇಳಬೇಕು. ಒಂದು ಕೆಂಪು ಟಿಕಳಿಯನ್ನು ಉಗುರಿನಿಂದ ಬಿಡಿಸಿದಳು. ಅದು ಬೆರಳ ತುದಿಯಲ್ಲಿ ಅಂಟಿಕೊಂಡು ತುಸು ಹೊತ್ತು ಗಾಳಿಯಲ್ಲಿ ನಿಂತಿತು. ಯಾವ ಹಣೆಗೂ ಅವಳು ಟಿಕಳಿ ಇಟ್ಟು ವರ್ಷಗಳಾಗಿದ್ದವು. ಶುಭ ಕಾರ್ಯದಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅವಳೂ ಮುಂದೆ ಹೋಗುತ್ತಿರಲಿಲ್ಲ.

"ಯಾವುದವ್ವಾ ಅದರ ಕಣ್ಣು?"

ವಿದ್ಯಾವತಿ ತೋರಿಸಿದಳು. ಸಾತವ್ವ ಗಾಜಿನ ಮೇಲೆ ಟಿಕಳಿ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ. ಬಿಟ್ಟಾಗ ಒಂದು ಮಗ್ಗುಲು ಮೆಲ್ಲಗೆ ಎದ್ದಿತು.

"ಅಂಟು ಹಳೇದಾಗೈತಿ" ಎಂದಳು. "ಮ್ಯಾಲ ಕಾಸಿಮನ ಪಟ್ಟಿನೂ ಹಚ್ಚಿಬಿಡು."

ವಿದ್ಯಾವತಿ ಟಿಕಳಿಯ ಮೇಲೆ ಕಪ್ಪು ಟೇಪು ಹಚ್ಚಿದಳು. ತಗಡು ಮುಚ್ಚಿ ತಿರುಪು ತಿರುಗಿಸಿದಳು. ನೆಲದ ಮೇಲೆ ಅಕ್ಷರಗಳು ಇನ್ನೂ ಹಾಗೇ ಇದ್ದವು. ಸಾತವ್ವ ಅವುಗಳ ನಡುವೆ ಕಾಲು ಬೀಳದ ಹಾಗೆ ದಾಟಿ ಅಡಿಗೆಮನೆಗೆ ಹೋಗಿ, ಬೀಜದ ಡಬ್ಬಿ ಎಲ್ಲಿದೆ ಎಂದು ಅಲ್ಲಿಂದಲೇ ಕೂಗಿ ಕೇಳಿದಳು.